ನಮ್ಮ ಮಾರುತಿಗಿ ಕಾರ್ಬೊರೇಟರ್‌ನ ಇರಲಿ

ಸೊಸಿಗಿ ಬ್ಯಾನಿ ಸುರು ಆಗಿದ್ದು ರಾತ್ರಿ ಎರಡಕ್ಕ. ಅವತ್ತ ನಮ್ಮ ಮಾರುತಿ 800 ಚಾಲೂ ಆಗಲಿಲ್ಲ. ಚೋಕ್ ಎಳದ್ರೂ ಬರೇ ಖರ್ ಖರ್ ಅಂತು, ಕಡೀಕ ಬ್ಯಾಟರಿನೂ ಕೂತ್ತು. ಬಾಜೂ ಮನಿ ವೈನಿಯವರ ಟಂಟಂದಾಗ ವಿಜಯಪುರ ಮುಟ್ಟಿದ್ವಿ. ಕೂಸು ಬಾಣಂತಿ ಆರಾಮ ಅದಾರ, ದೇವರ ದಯಾ. ಆದ್ರ ಅವತ್ತಿನಿಂದ ಮಗ ಹಟ ಹಿಡದಾನ, ಕಾರ್ಬೊರೇಟರ್ ತಗಸಿ ಇ.ಎಫ್.ಐ. ಕೂಡಸ್ತೀನಿ ಅಂತ. ನಾ ಬ್ಯಾಡ ಅನ್ನಾಕತ್ತೀನಿ.

ಅವನ ಮಾತಿನ್ಯಾಗ ಖರೇನೂ ಐತಿ. ಕಾರ್ಬೊರೇಟರ್ ಅಂದ್ರ ಕಣ್ಣಳತಿ ಅಡಿಗಿ. ಎಂಜಿನ್ ಗಾಳಿ ಜಗ್ಗೂ ರಭಸಕ್ಕ ಪೆಟ್ರೋಲ್ ತಾನ ಮ್ಯಾಲ ಬರತೈತಿ. ಇ.ಎಫ್.ಐ. ಒಳಗ ಒಂದು ಸಣ್ಣ ಕಂಪ್ಯೂಟರ್ ಇರತೈತಿ. ಎಂಜಿನ್ ಎಷ್ಟು ಕಾದೈತಿ, ಗಾಳಿ ಎಷ್ಟು ಬಂತು, ಹೊಗಿಯೊಳಗ ಆಮ್ಲಜನಕ ಎಷ್ಟು ಉಳದೈತಿ ನೋಡಿ, ಚಮಚದಿಂದ ಅಳದಂಗ ಪೆಟ್ರೋಲ್ ಚಿಮುಕಿಸ್ತೈತಿ. ಚೋಕ್ ಎಳಿಯೂ ಕೆಲಸನ ಇಲ್ಲ. 1983ರಾಗ ಕಾರ್ಬೊರೇಟರ್ ಇಟಕೊಂಡು ಬಂದ ಮಾರುತಿ 800, ಹೊಗಿ ಕಾನೂನು ಬಿಗಿ ಆಗಿ 2000ದ ಹೊತ್ತಿಗಿ ಇದಕ್ಕ ಬದಲಾತು. ನಮ್ಮದು 1997ರದ್ದು.

ಆದ್ರ ಅಕ್ಕಾರ, ಕಂಪನಿಯವ್ರು ಬರೇ ಒಂದು ಡಬ್ಬಿ ಬದಲ ಮಾಡಲಿಲ್ಲ. ಪಂಪ, ಪೈಪ, ವಾಯರ ಎಲ್ಲಾ ಬ್ಯಾರೇನ ಮಾಡಿದ್ರು. ನಮ್ಮ ಗಾಡ್ಯಾಗ ಪೆಟ್ರೋಲ್ ಮೆಲ್ಲಕ ಹರಿತೈತಿ. ಇಂಜೆಕ್ಷನ್‌ಗಿ ಹತ್ತು ಪಟ್ಟು ಒತ್ತಡ ಬೇಕು. ಹಳೀ ರಬ್ಬರ ಪೈಪಿಗಿ ಅಷ್ಟು ಒತ್ತಡ ಕೊಟ್ರ, ಹಿತ್ತಲದಾಗಿನ ನಳದ ಪೈಪ ಬೋರ್ ಮೋಟಾರಿಗಿ ಕಟ್ಟಿದಂಗ. ಒಡದು ಕಾದ ಎಂಜಿನ್ ಮ್ಯಾಲ ಪೆಟ್ರೋಲ್ ಬಿದ್ರ? ಆ ಗಾಡ್ಯಾಗ ಕೂಡೂದು ನನ್ನ ಮೊಮ್ಮಗಳು. ಮ್ಯಾಲಿಂದ ಈಗಿನ ಪೆಟ್ರೋಲದಾಗ ನೂರಕ್ಕ 20 ಪಾಲು ಎಥನಾಲ್. ಹಳೀ ರಬ್ಬರಿಗಿ ಅದು ಆಗಿಬರೂದಿಲ್ಲ. ಕಂಪನಿ ಮಾಡಿದ್ದನ್ನ ಮನಸಿಗಿ ಬಂದಂಗ ಬದಲಸೂದು ಮೋಟಾರು ವಾಹನ ಕಾಯ್ದೆ 52ನೇ ಕಲಮಿಗೂ ಒಪ್ಪೂದಿಲ್ಲ. ಆರ್.ಟಿ.ಓ. ಆಫೀಸಿಗಿ ಯಾರು ಎಡತಾಕವರು?

ಅವತ್ತ ರಾತ್ರಿ ಗಾಡಿ ಯಾಕ ಕೈ ಕೊಟ್ಟಿತು ಅಂಬೂದನ್ನ ಯಾರೂ ವಿಚಾರ ಮಾಡಲಿಲ್ಲ. ಎಲ್ಲಾರೂ ಮನೂಕಿ ಶೆಡ್ಡಿನ್ಯಾಗ. ಗಾಡಿ ಹನ್ನೆರಡು ದಿವಸ ಬಿಸಲಾಗ ನಿಂತಿತ್ತು. ಕಾರ್ಬೊರೇಟರ್ ಬಟ್ಟಲದಾಗಿನ ಪೆಟ್ರೋಲ್ ಆರಿ ಹೋಗಿತ್ತು. ಇದರ ಪಂಪ ಎಂಜಿನ್ ತಿರಗಿದ್ರನ ನಡಿಯೂದು, ಅದಕ್ಕ ಬಾಳ ಹೊತ್ತು ಸೆಲ್ಫ್ ಹೊಡಿಬೇಕು. ಹೊಡಿಯಾಕ ಬ್ಯಾಟರ್‍ಯಾಗ ಜೀವಾನ ಇರಲಿಲ್ಲ. ಟಿಕೋಟಾದ ಮೇಸ್ತ್ರಿನೂ ಇದನ್ನ ಹೇಳಿದ. ಅಂದ್ರ ತಪ್ಪು ಕಾರ್ಬೊರೇಟರ್‌ದಲ್ಲ, ನಮ್ಮದು. ಮನಿಯವರು ಮೊದಲ ದಿನಾ ಮುಂಜಾನೆ ಹತ್ತು ಮಿನಿಟು ಚಾಲೂ ಇಡತಿದ್ರು. ಮಣಕಾಲ ನೋವು ಬಂದಿಂದ ಅದು ಬಿಟ್ಟೋತು. ಅಮಾಸಿಗೊಮ್ಮೆ ಕಾಯಿ ಒಡಿಯೂದು ಮಾತ್ರ ತಪ್ಪಿಲ್ಲ!

ಬಬಲೇಶ್ವರ ದಾರ್‍ಯಾಗ ಕಾರ್ಬೊರೇಟರ್ ಕೆಟ್ರ ಯಾವ ಮೇಸ್ತ್ರಿನಾದ್ರೂ ಬಿಚ್ಚಿ, ಊದಿ, ಮನಿ ಮುಟ್ಟಸ್ತಾನ. ಕಂಪ್ಯೂಟರ್ ಕೆಟ್ರ? ಅದೂ ಯಾರೋ ಜೋಡಿಸಿ ಕೊಟ್ಟ ಕಂಪ್ಯೂಟರ್. ಇಂಜೆಕ್ಷನ್ನ ಬೇಕಂದ್ರ ರೊಕ್ಕ ಕೂಡಿಸಿ, ಹುಟ್ಟತಲೇ ಇಂಜೆಕ್ಷನ್ ಇದ್ದ ಗಾಡಿ ತರಲಿ. ನಾ ಅಡ್ಡ ಬರೂದಿಲ್ಲ, ಎರಡು ತೊಲಿ ಕೊಡಾಕೂ ತಯಾರ ಅದೀನಿ.

ಹೊಸಾ ಬ್ಯಾಟರಿ ನಿನ್ನೆ ಬಂತು. ಸೋಮವಾರ ಪೈಪ ಬದಲಸಿ ಕಾರ್ಬೊರೇಟರ್ ಸ್ವಚ್ಛ ಮಾಡಿ ಕೊಡತಾರ. ಮಗ ಇನ್ನೂ ಮಾರಿ ಉಬ್ಬಿಸ್ಯಾನ. ಗುರುವಾರ ಕೂಸಿಗಿ ಸೂಜಿ ಹಾಕಸಾಕ ಹೋಗೂದೈತಿ. ಬುಧವಾರ ಸಂಜೀಕನ ಒಮ್ಮೆ ಚಾಲೂ ಮಾಡಿ ನೋಡಪಾ ಅಂತ ಹೇಳಿಟ್ಟೀನಿ.