ಕತ್ತಲನ್ನು ಇಸ್ತ್ರಿ ಮಾಡಬೇಡಿ

ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರಿಂದ ಹಿಡಿದು ಫೇಸ್‌ಬುಕ್ಕಿನ ಗೆಳೆಯರವರೆಗೆ ಎಲ್ಲರಿಗೂ ಈಗ ಒಂದೇ ಗೀಳು. ರಾತ್ರಿ ತೆಗೆದ ಚಿತ್ರ ಕಂಡರೆ ಸಾಕು, ಮೊದಲ ಮಾತು 'ನಾಯ್ಸ್ ಜಾಸ್ತಿಯಾಯ್ತು.' ಚಿತ್ರದಲ್ಲಿ ಏನಿದೆ, ಬೆಳಕು ಎಲ್ಲಿಂದ ಬಂತು ಎಂಬುದೆಲ್ಲ ಆಮೇಲಿನ ಮಾತು. ಹಾಗಾಗಿ ಚಿತ್ರ ತೆಗೆದವರು ಮನೆಗೆ ಬಂದು ಮಾಡುವ ಮೊದಲ ಕೆಲಸ, ಸಾಫ್ಟ್‌ವೇರಿನಲ್ಲಿ ನಾಯ್ಸ್ ಕಳೆಯುವ ಸ್ಲೈಡರನ್ನು ಕೊನೆಯವರೆಗೂ ಎಳೆಯುವುದು. ಹಾಗೆ ಎಳೆಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ ಎಂಬ ನಂಬಿಕೆಯ ಬಗ್ಗೆ ನನ್ನ ತಕರಾರಿದೆ.

ಐಎಸ್ಒ ಏರಿಸಿದ್ದರಿಂದ ಚಿತ್ರಕ್ಕೆ ಕೊಳೆ ಹತ್ತಿತು, ಒರೆಸಿದರೆ ಅಡಿಯಲ್ಲಿ ಸ್ವಚ್ಛ ಚಿತ್ರ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಬೆಳಕು ಫೋಟಾನುಗಳಾಗಿ, ಮಳೆಹನಿಗಳ ಹಾಗೆ ಸೆನ್ಸರಿನ ಮೇಲೆ ಬೀಳುತ್ತದೆ. ಅಂಗಳದಲ್ಲಿ ಒಂದೇ ಅಳತೆಯ ಲೋಟಗಳನ್ನು ಸಾಲಾಗಿ ಇಡಿ. ಹನಿ ಉದುರಿ ನಿಂತರೆ ಒಂದಕ್ಕೆ ಹೆಚ್ಚು, ಪಕ್ಕದ್ದಕ್ಕೆ ಕಡಿಮೆ. ಧೋ ಎಂದು ಸುರಿದರೆ ಎಲ್ಲವೂ ಹೆಚ್ಚುಕಡಿಮೆ ಸಮ. ಪಿಕ್ಸೆಲ್ಲಿನ ಲೆಕ್ಕವೂ ಇದೇ. ಸರಾಸರಿ 10,000 ಫೋಟಾನು ಬೀಳುವಲ್ಲಿ ಏರುಪೇರು ಸುಮಾರು 100, ಅಂದರೆ ಶೇ. 1. ಬರೀ 100 ಬೀಳುವಲ್ಲಿ ಏರುಪೇರು 10, ಅಂದರೆ ಶೇ. 10. ಐಎಸ್ಒ 100ರ ಜಾಗದಲ್ಲಿ 6400 ಇಟ್ಟು ಅಷ್ಟೇ ಹೊಳಪಿನ ಚಿತ್ರ ತೆಗೆದರೆ ಸೆನ್ಸರಿಗೆ ಸಿಕ್ಕಿರುವುದು 64ರಲ್ಲಿ ಒಂದು ಪಾಲು ಬೆಳಕು. ಕ್ಯಾಮೆರಾದ ಸರ್ಕ್ಯೂಟು ತನ್ನದೊಂದಿಷ್ಟು ಗದ್ದಲ ಸೇರಿಸುವುದು ನಿಜ. ಆದರೆ ಇಂದಿನ ಒಳ್ಳೆಯ ಕ್ಯಾಮೆರಾಗಳಲ್ಲಿ ನಾವು ಕಾಣುವ ಕಾಳುಕಾಳಿನಲ್ಲಿ ದೊಡ್ಡ ಪಾಲು ಬೆಳಕಿನದೇ ಕೊರತೆ. ಆ ಮಾಹಿತಿ ಕ್ಯಾಮೆರಾಕ್ಕೆ ಸಿಕ್ಕೇ ಇಲ್ಲ.

ಸಿಗದೇ ಇದ್ದದ್ದನ್ನು ಸಾಫ್ಟ್‌ವೇರ್ ಎಲ್ಲಿಂದ ತರುತ್ತದೆ? ಹಳೆಯ ವಿಧಾನಗಳು ಅಕ್ಕಪಕ್ಕದ ಪಿಕ್ಸೆಲ್ಲುಗಳನ್ನು ಬೆರೆಸಿ ಸರಾಸರಿ ತೆಗೆಯುತ್ತವೆ. ಅವಕ್ಕೆ ನಾಯ್ಸಿನ ಚುಕ್ಕಿಗೂ ನಿಜವಾದ ಚುಕ್ಕಿಗೂ ವ್ಯತ್ಯಾಸ ಸುಲಭಕ್ಕೆ ತಿಳಿಯದು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನೇ ನೋಡಿ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಒಂದೊಂದಾಗಿ ಇಟ್ಟ ಚುಟ್ಟಿಯ ಬಿಳಿ ಮೊನೆಗಳು, ಸ್ಲೈಡರ್ ಮುಂದೆ ಸರಿದಂತೆ ಕರಗಿ ಬೆಣ್ಣೆಯಾಗುತ್ತವೆ. ಎಐ ಬಂದ ಮೇಲೆ ಕಥೆ ಇನ್ನೂ ಮುಂದೆ ಹೋಗಿದೆ. ಅಡೋಬಿಯ ಲೈಟ್‌ರೂಮಿಗೆ 2023ರಲ್ಲಿ ಇಂಥ ಸೌಲಭ್ಯ ಬಂತು. ಬೇರೆ ಕಂಪನಿಗಳದ್ದೂ ಇವೆ. ಅಸಂಖ್ಯ ಚಿತ್ರಗಳಿಂದ ಕಲಿತದ್ದರ ಬಲದಿಂದ ಅವು ಇಲ್ಲಿ ಏನಿರಬಹುದು ಎಂದು ಊಹಿಸಿ ತುಂಬುತ್ತವೆ. ಊಹೆ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಅಪಾಯ ಇರುವುದೂ ಅಲ್ಲೇ. ಮಸುಕಾದದ್ದನ್ನು ಕಣ್ಣು ಅನುಮಾನಿಸುತ್ತದೆ, ಚೂಪಾದದ್ದನ್ನು ನಂಬುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಶಾಸನದ ಕಲ್ಲು ಸವೆದಿದ್ದರೆ ಸಂಪಾದಕ ಆ ಜಾಗದಲ್ಲಿ ಚುಕ್ಕಿಗಳನ್ನಿಡುತ್ತಾನೆ. ತಾಳೆಗರಿ ಮುರಿದಿದ್ದರೆ ತಾನು ಊಹಿಸಿದ ಅಕ್ಷರಗಳನ್ನು ಕಂಸದೊಳಗೆ ಹಾಕಿ, ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಕಂಸವಿಲ್ಲದೆ ತುಂಬಿದವನನ್ನು ನಾವು ಸಂಪಾದಕನೆನ್ನುವುದಿಲ್ಲ, ಪಾಠ ತಿದ್ದಿದವನು ಎನ್ನುತ್ತೇವೆ. ನಾಯ್ಸ್ ಕಳೆಯುವ ಯಂತ್ರಕ್ಕೆ ಕಂಸ ಹಾಕಲು ಬರುವುದಿಲ್ಲ. ಆ ಕೆಲಸ ನಮ್ಮದು, ನಾವು ಮಾಡುತ್ತಿಲ್ಲ.

ಹಾಗಂತ ನಾಯ್ಸನ್ನು ಪೂಜಿಸಬೇಕಿಲ್ಲ. ಕೆಂಪು, ಹಸಿರು ಚುಕ್ಕೆಗಳಾಗಿ ಕಾಣುವ ಬಣ್ಣದ ನಾಯ್ಸನ್ನು ಹದವಾಗಿ ಕಳೆದರೆ ವಿವರಕ್ಕೆ ಹೆಚ್ಚು ನಷ್ಟವಿಲ್ಲ. ನಕ್ಷತ್ರ ತೆಗೆಯುವವರು ಒಂದೇ ದೃಶ್ಯದ 16 ಚಿತ್ರಗಳನ್ನು ಸೇರಿಸಿ ಸರಾಸರಿ ಮಾಡಿದಾಗ ನಾಯ್ಸ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದು ಪ್ರಾಮಾಣಿಕ ದಾರಿ, ಏಕೆಂದರೆ ಅಲ್ಲಿ ಸೇರಿದ್ದು ನಿಜವಾದ ಬೆಳಕು. ದಿಗಿಣ ಹಾರುವ ವೇಷ ಹದಿನಾರು ಸಲ ಒಂದೇ ಭಂಗಿಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಐಎಸ್ಒ ಏರಿಸಲೇಬೇಕು. ಹೆದರಿ ಇಳಿಸಿದವರಿಗೆ ಸಿಗುವುದು ಕಲಸಿಹೋದ ಚಿತ್ರ, ಇಲ್ಲವೇ ಕಪ್ಪಾದ ಚಿತ್ರ. ಆ ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ಅದೇ ನಾಯ್ಸ್ ಎದ್ದು ಬರುತ್ತದೆ. ಅಂದಹಾಗೆ, ಪರದೆಯ ಮೇಲೆ ಶೇ. 100ಕ್ಕೆ ಹಿಗ್ಗಿಸಿ ನೋಡಿದಾಗ ಕಣ್ಣಿಗೆ ಚುಚ್ಚುವ ಕಾಳುಗಳಲ್ಲಿ ಹೆಚ್ಚಿನವು ಅಂಗೈಯಗಲದ ಮುದ್ರಣದಲ್ಲಿ ಕಾಣುವುದೇ ಇಲ್ಲ.

ಇಷ್ಟಕ್ಕೇಕೆ ಇಷ್ಟು ಜಗಳ ಎನ್ನಬಹುದು. ಮುಖವರ್ಣಿಕೆ ಬೆಳಗಾದರೆ ತೊಳೆದುಹೋಗುತ್ತದೆ, ಉಳಿಯುವುದು ಚಿತ್ರ. ಐವತ್ತು ವರ್ಷದ ನಂತರ ಒಬ್ಬ ಹುಡುಗ ಈ ವೇಷದ ಚುಟ್ಟಿ ಹೇಗಿತ್ತು ಎಂದು ತಿಳಿಯಲು ಹೊರಟರೆ ಅವನ ಕೈಗೆ ಸಿಗುವುದು ನಮ್ಮ ಈ ನುಣುಪು ಮುಖಗಳು. ಕಲಾವಿದ ಇಟ್ಟ ಚುಕ್ಕಿ ಯಾವುದು, ಯಂತ್ರ ಇಟ್ಟದ್ದು ಯಾವುದು ಎಂದು ಹೇಳಲು ಆಗ ಯಾರೂ ಇರುವುದಿಲ್ಲ. ಆದ್ದರಿಂದ ತೀರ್ಪುಗಾರರು ಮೂಲ ರಾ ಫೈಲ್ ಕೇಳಲಿ, ಪತ್ರಿಕೆಗಳು ಎಐ ಬಳಸಿದ್ದನ್ನು ಚಿತ್ರದ ಕೆಳಗೆ ಅಚ್ಚುಹಾಕಲಿ. ತೆಗೆದವರು ಮೂಲವನ್ನು ಅಳಿಸದೆ ಇಟ್ಟುಕೊಳ್ಳಲಿ, ಅದರಲ್ಲಿ ಎಷ್ಟೇ ಕಾಳಿರಲಿ.