ಏಕಾಂತವೆಂಬ ಮಿಥ್ಯಾತ್ವ

ಹರಿಹರದ ತುಂಗಭದ್ರಾ ತೀರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ನಮ್ಮ ಭಾಷಣಕಾರರು ಇದನ್ನು ತೋರಿಸಿ ಕನ್ನಡನಾಡು ಸಮನ್ವಯದ ನೆಲೆವೀಡೆಂದು ಕೊಂಡಾಡುತ್ತಾರೆ. ಆದರೆ ಕಲಹವೇ ಇಲ್ಲದ ನಾಡಿಗೆ ಇಂತಹ ಮೂರ್ತಿಯ ಅಗತ್ಯವೇನಿತ್ತು? ಔಷಧವನ್ನು ಹೊಗಳುವವರು ರೋಗವನ್ನು ಮರೆಯಬಾರದು.

ಆ ರೋಗದ ದಾಖಲೆ ಹರಿಹರದ ಪಶ್ಚಿಮಕ್ಕೆ, ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿದೆ. ಸುಮಾರು 1200ರ ಶಾಸನದಂತೆ, ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ತನ್ನ ಶಿರವನ್ನೇ ಅರಿದು, ಶಿವನ ಅನುಗ್ರಹದಿಂದ ಮರಳಿ ಪಡೆದು, ಜಿನಬಿಂಬವನ್ನು ಭಂಗಿಸಿದನು. ದೂರು ಕೊಂಡೊಯ್ದ ಜೈನರ ಎದುರಿನಲ್ಲಿಯೇ ಕಳಚುರಿ ಬಿಜ್ಜಳನು ಆತನಿಗೆ ಜಯಪತ್ರವಿತ್ತನು. ಇದು ಗೆದ್ದವರ ಕಥನ. ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಬಿಂಬಭಂಗವನ್ನು ಪುಣ್ಯಕಾರ್ಯವೆಂದು ಕಲ್ಲಿನಲ್ಲಿ ಕೊರೆಯಿಸಿದ ಮನೋಭಾವವಂತೂ ನಿಜ.

ಶಿವೈಕನಿಷ್ಠೆಯೆಂಬ ಅರ್ಥದಲ್ಲಿ ಅವರು ಗೌರವಿಸಿದ 'ಏಕಾಂತ'ವನ್ನು ನಮ್ಮ ಆಚಾರ್ಯರು ಮಿಥ್ಯಾತ್ವದ ಐದು ಭೇದಗಳಲ್ಲಿ ಒಂದೆಂದು ಎಣಿಸಿದ್ದಾರೆ. ಈ ದೋಷ ಯಾವ ಒಂದು ಮತದ ಸೊತ್ತೂ ಅಲ್ಲ. ಅಮೆರಿಕದ ಮಾರ್ಮನ್ ಸಂಪ್ರದಾಯವನ್ನು ನೋಡಿರಿ. ಅದರ ಮುಖ್ಯ ಚರ್ಚು 1890ರಲ್ಲಿ ಬಹುಪತ್ನಿತ್ವವನ್ನು ಕೈಬಿಡುವುದಾಗಿ ಸಾರಿತು. ಮೂಲಬೋಧೆಯೇ ತಮ್ಮದೆಂದು ಹಠ ಹಿಡಿದವರು ಸಿಡಿದು ಬೇರೆಯಾದರು. ಆ ಮೂಲಭೂತವಾದಕ್ಕೆ ಮಾರುಹೋಗಿ ಚರ್ಚಿನಿಂದ ಬಹಿಷ್ಕೃತರಾದ ರಾನ್ ಮತ್ತು ಡ್ಯಾನ್ ಲಾಫರ್ಟಿ ಎಂಬ ಸೋದರರು 1984ರ ಜುಲೈ 24ರಂದು ಯೂಟಾ ಪ್ರಾಂತದಲ್ಲಿ ತಮ್ಮನ ಹೆಂಡತಿಯನ್ನೂ ಆಕೆಯ ಹದಿನೈದು ತಿಂಗಳ ಹಸುಗೂಸನ್ನೂ ಕೊಂದರು. ಕಾರಣ? ದೇವರು ಹಾಗೆ ಅಪ್ಪಣೆ ಕೊಡಿಸಿದನಂತೆ! ಅಲ್ಲಿ ದೈವವಾಣಿ, ಇಲ್ಲಿ ಪವಾಡ. ಪರೀಕ್ಷೆಗೆ ಒಳಪಡದ ಪ್ರಮಾಣವೊಂದು ಕೈಗೆ ಸಿಕ್ಕೊಡನೆ ಎದುರಿಗಿರುವವನು ಮನುಷ್ಯನೆಂಬುದೇ ಮರೆತುಹೋಗುತ್ತದೆ.

ಹಾಗಾದರೆ ಸ್ವಮತದಲ್ಲಿ ದೃಢಶ್ರದ್ಧೆಯೇ ತಪ್ಪೇ ಎಂದು ಕೆಲವರು ಕೇಳಬಹುದು. ಖಂಡಿತ ಅಲ್ಲ. ವಿವೇಚನೆಯಿಲ್ಲದೆ ಎಲ್ಲ ಮತಗಳೂ ಒಂದೇ ಎಂದು ತಲೆಬಾಗುವ ವಿನಯಮಿಥ್ಯಾತ್ವವೂ ಆ ಐದರಲ್ಲಿ ಸೇರಿದೆ. ವಾದಿಸಿರಿ, ಖಂಡಿಸಿರಿ, ಆದರೆ ಸೋತವನ ಪ್ರಾಣ, ಮನೆ, ಗುಡಿ ನಿಮ್ಮ ಜಯಪತ್ರದಲ್ಲಿ ಸೇರಿಲ್ಲ.

ಇನ್ನು ನಮ್ಮ ಕಡೆ ನೋಡೋಣ. ಅಬ್ಬಲೂರಿನ ಪ್ರಸ್ತಾಪ ಬಂದಾಗಲೆಲ್ಲ ಹಲ್ಲು ಕಡಿಯುವವರು ನಮ್ಮಲ್ಲಿಲ್ಲವೇ? ಎಂಟು ಶತಮಾನಗಳ ಹಿಂದಿನ ರಾಮಯ್ಯನ ಋಣವನ್ನು ಇಂದಿನ ನೆರೆಯವನಿಂದ ವಸೂಲು ಮಾಡಹೊರಡುವುದು ಭಾವಹಿಂಸೆ. ದ್ರವ್ಯಹಿಂಸೆಗೆ ಅದೇ ಬೀಜ. ಅಯೋಧ್ಯಾ ಚಳವಳಿಯ ಕಾಲದಲ್ಲಿ, 1990ರ ಅಕ್ಟೋಬರಿನಲ್ಲಿ, ದಾವಣಗೆರೆಯ ಬೀದಿಗಳಲ್ಲಿಯೇ ಕೋಮುಗಲಭೆಯಾಗಿ ಜೀವಹಾನಿಯಾಯಿತು. ಅಲ್ಲಿಯೂ ಹಳೆಯ ಲೆಕ್ಕವೊಂದನ್ನು ಜೀವಂತರ ಮೇಲೆ ಹೇರಲಾಯಿತು. ಸೂರ್ಯಾಸ್ತದ ಮೊದಲು ಉಂಡು, ನೀರು ಸೋಸಿ ಕುಡಿದು, ಪರಮತೀಯರನ್ನು ಮನಸ್ಸಿನಲ್ಲಿ ದ್ವೇಷಿಸುವವನು ಅಹಿಂಸಾಣುವ್ರತಿಯೇ?

ನಮ್ಮವರೇ ತೋರಿದ ಬೇರೊಂದು ದಾರಿಯಿದೆ. ಶ್ರೀವೈಷ್ಣವರಿಂದ ಅನ್ಯಾಯವಾದಾಗ ಜೈನರು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ಅರಸನು 1368ರಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನಿರ್ಣಯಿಸಿದನು. ಬರಿಯ ಮಾತಿಗೆ ನಿಲ್ಲಿಸಲಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳ್ಗೊಳದ ದೇವರ ರಕ್ಷಣೆಗೆ ಇಪ್ಪತ್ತು ಜನ ಕಾವಲುಗಾರರನ್ನು ವೈಷ್ಣವರೇ ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಬೇಕು ಎಂದು ಕಟ್ಟಳೆ ಮಾಡಿದನು. ದೂರಿಗೆ ಗುರಿಯಾದವರೇ ಕಾವಲಿನ ಹೊಣೆಗಾರರು! ಆ ಶಾಸನ ಶ್ರವಣಬೆಳಗೊಳದಲ್ಲಿ ಇಂದಿಗೂ ಇದೆ.

ಅಬ್ಬಲೂರನ್ನು ಮರೆಯಬೇಕಿಲ್ಲ, ಬೆಳಗೊಳದ ಶಾಸನದೊಡನೆ ಓದಬೇಕು. ಕ್ಷಮಾವಾಣಿಯ ದಿನ ನಮ್ಮ ನಮ್ಮಲ್ಲಿಯೇ ಕ್ಷಮೆ ಬೇಡಿ ಮನೆಗೆ ಮರಳುವುದು ಸುಲಭ. ದಾವಣಗೆರೆ, ಹರಿಹರಗಳ ಸಮಾಜಬಾಂಧವರು ಆ ದಿನ ಅನ್ಯಮತೀಯ ನೆರೆಯವನ ಬಾಗಿಲನ್ನೂ ತಟ್ಟಲಿ. ಅನೇಕಾಂತವನ್ನು ವೇದಿಕೆಯಲ್ಲಿ ವಿವರಿಸುವವರು ಸಾಕಷ್ಟಿದ್ದಾರೆ. ಬೀದಿಯಲ್ಲಿ ಆಚರಿಸುವವರು ಬೇಕಾಗಿದ್ದಾರೆ.