ಯಂತ್ರ ಉಳಿಸಿದ ಹೊತ್ತು ಯಾರದು?

ಡ್ರೈವರ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬಸ್ಸಿನ ಡ್ರೈವರನೇ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕಲಿತು, ಕಂಪ್ಯೂಟರ್ ಕೆಲಸಕ್ಕೆ ಹೋದ ನಮ್ಮ ಹುಡುಗರಿಗೆ ಅದು ಬೇರೆ. ಗಲ್ಲೆಯ ಮೇಲಿನ ಬಿಲ್ಲಿನ ಪ್ರಿಂಟರಾಗಲಿ, ಆಫೀಸಿನ ನೆಟ್‌ವರ್ಕ್ ಕಾರ್ಡಾಗಲಿ, ಅದರ ಮಾತು ವಿಂಡೋಸಿಗೆ ತಿಳಿಸುವ ದುಭಾಷಿಯೇ ಡ್ರೈವರ್.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ ನಿಂತಿತು. ಹಳೆಯದನ್ನು ತೆಗೆದು ವಿಂಡೋಸ್ 11 ಹಾಕುವ ಕೆಲಸ ಬಂತು. ನಮ್ಮ ಹುಡುಗರು ಇದನ್ನು ಮಾಡುವುದು ಕಂಟ್ರಾಟಿನಲ್ಲಿ, ಯಂತ್ರಕ್ಕಿಷ್ಟು ಎಂಬ ಲೆಕ್ಕಕ್ಕೆ. ಕೈಯಿಂದ ಮಾಡಿದರೆ ಒಂದೊಂದು ಯಂತ್ರದೆದುರೂ ಕೂತು, ಅದು ಕೇಳಿದ್ದಕ್ಕೆಲ್ಲ ಉತ್ತರ ಒತ್ತಿ, ಡ್ರೈವರ್ ಹುಡುಕಿ ಹಾಕಬೇಕು. ರಾತ್ರಿ ಪಾಳಿ ಅದರಲ್ಲೇ ಕಳೆಯುತ್ತದೆ.

ಇದಕ್ಕೆ ಸುಲಭದ ದಾರಿ ಇದೆ. ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಟ್ಟ ಒಂದು ಫೈಲು. ಡ್ರೈವರುಗಳ ಫೋಲ್ಡರ್ ಎಲ್ಲಿದೆಯೆಂದೂ ಅದರಲ್ಲೇ ಬರೆಯಬಹುದು. ಇಲ್ಲವೇ ಡಿಸಮ್ ಎಂಬ ಸಲಕರಣೆಯಿಂದ ಅವನ್ನು ವಿಂಡೋಸ್ ಇಮೇಜಿನೊಳಗೇ ಸೇರಿಸಿಡಬಹುದು. ಯಂತ್ರದ ಬಿಡಿಭಾಗಕ್ಕೆ ಒಂದು ಗುರುತಿನ ನಂಬರಿರುತ್ತದೆ. ಡ್ರೈವರಿನ ಐಎನ್‌ಎಫ್ ಫೈಲಿನಲ್ಲಿ ಅದೇ ನಂಬರು ಸಿಕ್ಕರೆ ವಿಂಡೋಸ್ ತಾನೇ ಜೋಡಿಸಿಕೊಳ್ಳುತ್ತದೆ. ಟೋಕನ್ ನೋಡಿ ತಿಂಡಿ ಕೊಟ್ಟ ಹಾಗೆ.

ತಾನೇ ಎಂದರೆ ಪೂರಾ ತಾನೇ ಅಲ್ಲ! ಎಕ್ಸ್‌ಇ ಆಗಿ ಬಂದ ಡ್ರೈವರ್ ಪೊಟ್ಟಣವನ್ನು ಡಿಸಮ್ ಒಪ್ಪದು. ಬಿಚ್ಚಿ ಐಎನ್‌ಎಫ್ ಹೊರತೆಗೆಯಬೇಕು. ಇಂಟೆಲ್‌ನ ವಿಎಂಡಿ ಇರುವ ಕೆಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಡ್ರೈವರ್ ಶುರುವಿಗೇ, ವಿಂಡೋಸ್ ಪಿಇ ಹಂತದಲ್ಲೇ, ಸಿಗದಿದ್ದರೆ ಡಿಸ್ಕೇ ಕಾಣದು. ಕೆಲಸ ಅಲ್ಲಿಗೇ ನಿಂತಿತು. ಹೊಸ ಮಾಡೆಲ್ ಬಂದರೆ ಮತ್ತೆ ಹುಡುಕಬೇಕು, ಮತ್ತೆ ಪರೀಕ್ಷಿಸಬೇಕು. ಇದನ್ನೆಲ್ಲ ಮಾಡುವವನು ನಮ್ಮ ಹುಡುಗನೇ.

ಒಬ್ಬ ಕಂಟ್ರಾಟುದಾರರು, "ಯಂತ್ರವೇ ಮಾಡುತ್ತದಲ್ಲ" ಎಂದು ದರ ಇಳಿಸಿದರು. ಐವರ ಜಾಗದಲ್ಲಿ ಇಬ್ಬರನ್ನು ಇಟ್ಟುಕೊಂಡರು. ಗಿರಣಿ ಬಂಧುಗಳಿಗೆ ಈ ಮಾತು ಹೊಸದಲ್ಲ. 1955ರಲ್ಲಿ ಕಾನಪುರದ ಗಿರಣಿ ಕಾರ್ಮಿಕರು 80 ದಿನ ಮುಷ್ಕರ ಹೂಡಿದ್ದು ಇದೇ ತಕರಾರಿಗೆ: ಸುಧಾರಣೆಯ ಹೆಸರಿನಲ್ಲಿ ಆಳು ಕಡಿಮೆ, ಹೊರೆ ಹೆಚ್ಚು.

ನಾವು ಆ ಫೈಲನ್ನು ಹರಿದು ಹಾಕಿರೆನ್ನುವುದಿಲ್ಲ. ರಾತ್ರಿಯೆಲ್ಲ ಗುಂಡಿ ಒತ್ತುತ್ತ ಕೂರುವುದು ಯಾರಿಗೂ ಬೇಡ. ಆದರೆ ಫೋಲ್ಡರ್ ಜೋಡಿಸಿ ಪರೀಕ್ಷಿಸುವ ದಿನಗಳಿಗೂ ಕೂಲಿ ಕೊಡಬೇಕು. ಯಂತ್ರಕ್ಕಿಷ್ಟು ಎಂಬ ಲೆಕ್ಕ ಹೋಗಿ ತಿಂಗಳ ಸಂಬಳ ಬರಬೇಕು. ಉಳಿದ ಹೊತ್ತಿನಲ್ಲಿ ಹುಡುಗರಿಗೆ ಹೆಚ್ಚಿನ ಕೆಲಸ ಕಲಿಸಬೇಕೇ ಹೊರತು ಮನೆಗೆ ಕಳಿಸಬಾರದು.

ಈ ಕಸುಬಿನಲ್ಲಿರುವ ನಮ್ಮವರು ಎಷ್ಟು ಜನ, ಯಾವ ದರಕ್ಕೆ ದುಡಿಯುತ್ತಿದ್ದಾರೆ ಎಂಬ ಪಟ್ಟಿ ಮೊದಲು ಆಗಬೇಕು. ಭಾನುವಾರ ಮಧ್ಯಾಹ್ನದ ಬಿಡುವಿನಲ್ಲಿ ಸಂಘದ ಕೋಣೆಗೆ ಬಂದು ಹೆಸರು ಬರೆಸಿರಿ.